19,680 ನಿಮಿಷಗಳ ಲೆಕ್ಕ: ಬ್ಯಾಸ್ಕೆಟ್‌ಬಾಲ್ ತಂಡವೊಂದರ ಸೀಸನ್

(ಬೆಳಗಾವಿಯಲ್ಲಿ ಶಾಲೆ-ಕಾಲೇಜುಗಳ ದೈಹಿಕ ಶಿಕ್ಷಕರು, ಕೋಚ್‌ಗಳು ಮತ್ತು ಆಟಗಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಒಂದು ಗುಣಾಕಾರದಿಂದ ಶುರು ಮಾಡೋಣ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪಂದ್ಯ 48 ನಿಮಿಷದ್ದು. ಒಂದು ತಂಡದ ಐವರು ಅಂಗಳದಲ್ಲಿರುತ್ತಾರೆ. ಹಾಗಾಗಿ ಒಂದು ಪಂದ್ಯಕ್ಕೆ 240 ಆಟಗಾರ-ನಿಮಿಷ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೂ 82 ಪಂದ್ಯ. 240ನ್ನು 82ರಿಂದ ಗುಣಿಸಿ: 19,680. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕೋಚ್ ಒಬ್ಬರು ತಮ್ಮ ಆಟಗಾರರಿಗೆ ಹಂಚಬೇಕಾದ ನಿಮಿಷ ಇಷ್ಟು. ಹೆಚ್ಚುವರಿ ಅವಧಿ ಬಂದರೆ ಒಂದಿಷ್ಟು ಕೂಡುತ್ತದೆ, ಅಷ್ಟೇ. ಯಾವ ಆಟ ಆಡಿಸಬೇಕು, ಯಾವ ಡಿಫೆನ್ಸ್ ಹಾಕಬೇಕು ಎಂಬುದೆಲ್ಲ ಒಂದು ರಾತ್ರಿಯ ಪ್ರಶ್ನೆ. ಈ 19,680 ಯಾರ ಕಾಲಿನ ಮೇಲೆ ಬೀಳಬೇಕು ಎಂಬುದು ಇಡೀ ಸೀಸನ್ನಿನ ಪ್ರಶ್ನೆ. ಟಿವಿಯಲ್ಲಿ ನಮಗೆ ಕಾಣುವುದು ಮೊದಲನೆಯದು. ಚಾಂಪಿಯನ್‌ಷಿಪ್ ಬಹುಮಟ್ಟಿಗೆ ಎರಡನೆಯದರಲ್ಲಿ ನಿರ್ಧಾರವಾಗುತ್ತದೆ ಎಂಬುದು ಇವತ್ತಿನ ನಮ್ಮ ವಾದ.

ನಮ್ಮ ಭಾಗದಲ್ಲಿ ಇದಕ್ಕೆ ಹತ್ತಿರದ ಲೆಕ್ಕ ಘಟಪ್ರಭಾ, ಮಲಪ್ರಭಾ ಕಾಲುವೆ ನೀರಿನದು. ಮೇಲ್ಭಾಗದ ಹೊಲಗಳೇ ಸೀಸನ್ ಆರಂಭದಲ್ಲಿ ಮನಸ್ಸಿಗೆ ಬಂದಷ್ಟು ಬಿಟ್ಟುಕೊಂಡರೆ ಬೆಳೆ ಕಾಳು ಕಟ್ಟುವ ಹೊತ್ತಿಗೆ ಕೊನೆಯ ಭಾಗದ ರೈತನಿಗೆ ನೀರಿಲ್ಲ. ನವೆಂಬರ್‌ನಲ್ಲಿ ತಂಡದ ಅತ್ಯುತ್ತಮ ಆಟಗಾರನನ್ನು 39 ನಿಮಿಷ ಓಡಿಸುವ ಕೋಚ್ ಮಾಡುವುದು ಇದನ್ನೇ. ಎನ್‌ಬಿಎಯಲ್ಲಿ ಬೆಳೆ ಕಾಳು ಕಟ್ಟುವುದು ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಸುತ್ತುಗಳಲ್ಲಿ.

ಮೊದಲು ವೇಳಾಪಟ್ಟಿಯ ಕಟ್ಟಡ ನೋಡಿಬಿಡೋಣ. ಲೀಗಿನಲ್ಲಿ 30 ತಂಡ. ಪೂರ್ವ, ಪಶ್ಚಿಮ ಎಂದು ಎರಡು ಕಾನ್ಫರೆನ್ಸ್. ಒಂದೊಂದರಲ್ಲಿ ಐದೈದು ತಂಡಗಳ ಮೂರು ಡಿವಿಜನ್. ತನ್ನ ಡಿವಿಜನ್ನಿನ ನಾಲ್ಕು ತಂಡಗಳ ಮೇಲೆ ನಾಲ್ಕು ನಾಲ್ಕು ಪಂದ್ಯ, ಒಟ್ಟು 16. ಅದೇ ಕಾನ್ಫರೆನ್ಸಿನ ಉಳಿದ ಹತ್ತರಲ್ಲಿ ಆರು ತಂಡಗಳ ಮೇಲೆ ನಾಲ್ಕರಂತೆ 24, ನಾಲ್ಕು ತಂಡಗಳ ಮೇಲೆ ಮೂರರಂತೆ 12. ಇನ್ನೊಂದು ಕಾನ್ಫರೆನ್ಸಿನ 15 ತಂಡಗಳ ಮೇಲೆ ಎರಡರಂತೆ 30. ಕೂಡಿಸಿದರೆ 82; ಅರ್ಧ ತವರಿನಲ್ಲಿ, ಅರ್ಧ ಹೊರಗೆ. 2023ರಿಂದ ಸೀಸನ್ ನಡುವೆಯೇ ಒಂದು ಕಪ್ ಸ್ಪರ್ಧೆ ಸೇರಿಕೊಂಡಿದೆ. ಅದರ ಫೈನಲ್ ಬಿಟ್ಟು ಉಳಿದ ಪಂದ್ಯಗಳೆಲ್ಲ ಈ 82ರಲ್ಲೇ ಎಣಿಕೆ.

ಸಂಖ್ಯೆಗಿಂತ ಕಾಡುವುದು ಅವುಗಳ ಜೋಡಣೆ. 2018-19ರ ಸೀಸನ್ ಅಕ್ಟೋಬರ್ 16ಕ್ಕೆ ಶುರುವಾಗಿ ಏಪ್ರಿಲ್ 10ಕ್ಕೆ ಮುಗಿಯಿತು: 177 ದಿನ, 82 ಪಂದ್ಯ. ಹೆಚ್ಚುಕಡಿಮೆ ದಿನ ಬಿಟ್ಟು ದಿನ ಆಟ. ಆದರೆ ಹಾಗೆ ಸಮವಾಗಿ ಬರುವುದಿಲ್ಲ. ಸತತ ಎರಡು ರಾತ್ರಿ ಪಂದ್ಯ ಬೀಳುವ ಜೋಡಿಗಳು ಒಂದು ತಂಡಕ್ಕೆ ಸೀಸನ್ನಿಗೆ 13ರಿಂದ 15ರಷ್ಟು ಇರುತ್ತವೆ. ಅಂಥ ಒಂದು ಜೋಡಿ ಹೇಗಿರುತ್ತದೆ ನೋಡಿ. ರಾತ್ರಿ ಏಳೂವರೆಗೆ ಆಟ, ಹತ್ತರ ಸುಮಾರಿಗೆ ಮುಗಿತಾಯ. ಐಸ್ ಹಚ್ಚುವುದು, ಸ್ನಾನ, ಪತ್ರಕರ್ತರು, ಬಸ್ಸು, ವಿಶೇಷ ವಿಮಾನ. ಮುಂದಿನ ಊರಿನ ಹೋಟೆಲ್ ಕೋಣೆ ಸೇರುವಾಗ ಎರಡೋ ಮೂರೋ ಗಂಟೆ. ಅದೇ ದಿನ ಸಂಜೆ ಮತ್ತೆ ಏಳು ಗಂಟೆಗೆ ಚೆಂಡು ಮೇಲೆ ಹಾರುತ್ತದೆ. ಸಾಮಾನ್ಯ ಪಂದ್ಯದ ದಿನ ಬೆಳಿಗ್ಗೆ ಮುಕ್ಕಾಲು ಗಂಟೆ, ಒಂದು ಗಂಟೆ ಎದುರಾಳಿಯ ಆಟಗಳನ್ನು ನಿಧಾನವಾಗಿ ನಡೆದು ನೋಡುವ ಕ್ರಮವಿದೆ. ಎರಡನೆಯ ರಾತ್ರಿಯ ದಿನ ಅದನ್ನು ಬಹುತೇಕ ಎಲ್ಲರೂ ಕೈಬಿಡುತ್ತಾರೆ. ನಿದ್ದೆ ಅದಕ್ಕಿಂತ ಬೆಲೆಯದು.

ಇದರ ಪರಿಣಾಮವನ್ನು ನಮ್ಮ ಕೋಚ್‌ಗಳು ಗಮನಿಸಬೇಕು: ಸೀಸನ್ ಶುರುವಾದ ಮೇಲೆ ಪೂರ್ತಿ ವೇಗದ ಪ್ರಾಕ್ಟೀಸ್ ಬಹಳ ಅಪರೂಪ. ಕಲಿಸುವುದನ್ನೆಲ್ಲ ಸೆಪ್ಟೆಂಬರ್ ಕೊನೆಯ ಶಿಬಿರದಲ್ಲಿ ಕಲಿಸಿರಬೇಕು. ಆಮೇಲೆ ನಡೆಯುವುದು ವಿಡಿಯೊ, ತಿದ್ದುಪಡಿ ಮತ್ತು ದುರಸ್ತಿ.

ದಣಿದ ತಂಡ ಹೇಗೆ ಕಾಣುತ್ತದೆ? ಅವರು ಕಡಿಮೆ ಓಡುತ್ತಾರೆ ಎಂದುಕೊಂಡರೆ ಸಾಲದು. ಜಂಪ್ ಶಾಟ್‌ಗಳು ರಿಂಗಿನ ಮುಂಭಾಗಕ್ಕೆ ಬಡಿಯತೊಡಗುತ್ತವೆ, ಏಕೆಂದರೆ ಶಾಟ್‌ನ ಬಲ ಬರುವುದು ಕಾಲಿನಿಂದ, ಕೈಯಿಂದಲ್ಲ. ಡಿಫೆನ್ಸ್‌ನಲ್ಲಿ ಕಾಲು ಸರಿಸುವ ಬದಲು ಕೈ ಚಾಚುತ್ತಾರೆ, ಫೌಲ್ ಏರುತ್ತದೆ. ಎದುರಾಳಿಯ ಶಾಟ್ ಹೋದ ತಕ್ಷಣ ಬೆನ್ನಿನಿಂದ ಅಡ್ಡಗಟ್ಟಿ ಜಾಗ ಹಿಡಿಯುವುದನ್ನು ಬಿಟ್ಟು ಚೆಂಡನ್ನೇ ನೋಡುತ್ತ ನಿಲ್ಲುತ್ತಾರೆ. ಈ ಮೂರು ಲಕ್ಷಣ ಒಟ್ಟಿಗೆ ಕಂಡಾಗ ಕೋಚ್ ಕೂಗಿ ಪ್ರಯೋಜನವಿಲ್ಲ, ಬದಲಿ ಕಳಿಸಬೇಕು.

ಈಗ ಒಂದು ತಂಡದ ಒಂದು ಸೀಸನ್ ತೆಗೆದುಕೊಳ್ಳೋಣ. ಟೊರಾಂಟೊ ರ‍್ಯಾಪ್ಟರ್ಸ್, 2018-19. ನಿಮಿಷದ ಲೆಕ್ಕವನ್ನು ಇಷ್ಟು ಬಹಿರಂಗವಾಗಿ, ಇಷ್ಟು ಹಟದಿಂದ ಮಾಡಿ ಗೆದ್ದ ತಂಡ ನನಗೆ ಬೇರೆ ತೋರುವುದಿಲ್ಲ.

ಹಿಂದಿನ ವರ್ಷ, 2017-18ರಲ್ಲಿ, ಟೊರಾಂಟೊ 59 ಗೆದ್ದು 23 ಸೋತು ಪೂರ್ವದಲ್ಲಿ ಮೊದಲ ಸ್ಥಾನದಲ್ಲಿತ್ತು. ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ಎದುರು 4-0 ಸೋಲು. ಕೋಚ್ ಡ್ವೇನ್ ಕೇಸಿಯನ್ನು ತೆಗೆದರು. ಆಮೇಲೆ ಅದೇ ಕೇಸಿಗೆ ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಬಂತು! ಸಹಾಯಕರಾಗಿದ್ದ ನಿಕ್ ನರ್ಸ್ ಮುಖ್ಯ ಕೋಚ್ ಆದರು. 2018ರ ಜುಲೈ 18ರಂದು ತಂಡದ ಅಧ್ಯಕ್ಷ ಮಸಾಯ್ ಉಜಿರಿ, ಒಂಬತ್ತು ವರ್ಷ ಅಲ್ಲಿಯೇ ಆಡಿ ಊರಿನವನೇ ಆಗಿದ್ದ ಡಿಮಾರ್ ಡಿರೋಜನ್‌ನನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟು ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್ ಅವರನ್ನು ತಂದರು. ಲೆನರ್ಡ್ ಒಪ್ಪಂದದಲ್ಲಿ ಖಾತ್ರಿ ಉಳಿದಿದ್ದದ್ದು ಒಂದೇ ವರ್ಷ. ಮೇಲಾಗಿ ತೊಡೆಯ ಮುಂಭಾಗದ ಸ್ನಾಯುವಿನ ತೊಂದರೆಯಿಂದ ಹಿಂದಿನ ಸೀಸನ್‌ನಲ್ಲಿ ಆತ ಆಡಿದ್ದು ಬರೀ 9 ಪಂದ್ಯ.

ಇಲ್ಲಿಯೇ ಲೆಕ್ಕ ಶುರುವಾಗುವುದು. ತಂಡದ ಕ್ರೀಡಾ ವಿಜ್ಞಾನ ವಿಭಾಗದ ಮುಖ್ಯಸ್ಥ ಅಲೆಕ್ಸ್ ಮೆಕೆಕ್ನಿ ಮತ್ತು ಕೋಚ್ ನರ್ಸ್ ಸೇರಿ ಹಾಕಿದ ಪಟ್ಟಿಯಲ್ಲಿ ಒಂದು ನಿಯಮ ಗಟ್ಟಿಯಾಗಿತ್ತು: ಸತತ ಎರಡು ರಾತ್ರಿ ಪಂದ್ಯವಿದ್ದರೆ ಲೆನರ್ಡ್ ಒಂದರಲ್ಲಿ ಮಾತ್ರ ಆಡಬೇಕು. ಸೀಸನ್ ಮುಗಿಯುವಾಗ ಆತ ಆಡಿದ್ದು 60 ಪಂದ್ಯ, ಪಂದ್ಯಕ್ಕೆ 34 ನಿಮಿಷ. ಅಂದರೆ ಒಟ್ಟು 2,040 ನಿಮಿಷ. 19,680ರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದ 22 ಪಂದ್ಯ ಆತ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತರು.

ಲೆನರ್ಡ್ ಇಲ್ಲದ ಆ 22ರಲ್ಲಿ ಟೊರಾಂಟೊ 17 ಗೆದ್ದು 5 ಸೋತಿತು. ಇದ್ದ 60ರಲ್ಲಿ 41 ಗೆಲುವು, 19 ಸೋಲು. ಶೇಕಡಾವಾರು ನೋಡಿದರೆ ಆತನಿಲ್ಲದಾಗಲೇ ತಂಡ ಚೆನ್ನಾಗಿತ್ತು ಎನ್ನಬೇಕು: 77 ಎದುರು 68. ಹಾಗೆ ಓದಿದವರು ಮೋಸ ಹೋದರು. ಮೊದಲನೆಯದಾಗಿ, ವಿಶ್ರಾಂತಿಯ ರಾತ್ರಿಯನ್ನು ಯಾರೂ ಕಣ್ಣು ಮುಚ್ಚಿ ಆರಿಸುವುದಿಲ್ಲ. ಜೋಡಿ ಪಂದ್ಯದಲ್ಲಿ ಎದುರಾಳಿ ಯಾರು ಎಂದು ನೋಡಿಯೇ ನಿರ್ಧರಿಸುತ್ತಾರೆ. ಎರಡನೆಯದಾಗಿ, 22 ಪಂದ್ಯ ಬಹಳ ಸಣ್ಣ ಮಾದರಿ. ಆ ಸಂಖ್ಯೆ ನಿಜವಾಗಿ ಹೇಳುವುದು ಇಷ್ಟು: ಲೆನರ್ಡ್ ಬಿಟ್ಟ ನಿಮಿಷಗಳನ್ನು ಹೊರುವ ಹೆಗಲು ತಂಡದಲ್ಲಿತ್ತು. ಆ ಹೆಗಲಿಲ್ಲದೆ ಮುಖ್ಯ ಆಟಗಾರನನ್ನು ಕೂರಿಸಿದರೆ ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟರೂ ಸೋಲು ಸೋಲೇ.

ಹೆಗಲು ಎಲ್ಲಿಂದ ಬಂತು? ಪ್ಯಾಸ್ಕಲ್ ಸಿಯಾಕಮ್ 2016ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕ್ರಮ) 27ನೆಯವನಾಗಿ ಆಯ್ಕೆಯಾದವನು. ಫ್ರೆಡ್ ವ್ಯಾನ್‌ವ್ಲೀಟ್‌ನನ್ನು ಅದೇ ವರ್ಷ ಯಾರೂ ಆರಿಸಲೇ ಇಲ್ಲ. ಇಬ್ಬರೂ ಟೊರಾಂಟೊದ ಕಿರಿಯ ತಂಡ ರ‍್ಯಾಪ್ಟರ್ಸ್ 905ರಲ್ಲಿ ಆಡಿದರು; 2017ರಲ್ಲಿ ಆ ತಂಡ ಕಿರಿಯರ ಲೀಗ್ ಗೆದ್ದಾಗ ಫೈನಲ್‌ನ ಶ್ರೇಷ್ಠ ಆಟಗಾರ ಸಿಯಾಕಮ್. ಎರಡೇ ವರ್ಷದಲ್ಲಿ ಅದೇ ಸಿಯಾಕಮ್ ಹಿರಿಯ ತಂಡದಲ್ಲಿ 80 ಪಂದ್ಯ, ಸರಾಸರಿ 32 ನಿಮಿಷ ಹೊತ್ತ, ಲೀಗಿನಲ್ಲೇ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎನಿಸಿಕೊಂಡ. ಕಿರಿಯ ತಂಡವನ್ನು ದುಂದು ವೆಚ್ಚ ಎನ್ನುವವರು ಈ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಜಾಣತನ ಸೆಂಟರ್ ಜಾಗದಲ್ಲಿತ್ತು, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರನ ಜಾಗದಲ್ಲಿ. ಸರ್ಜ್ ಇಬಾಕಾ ಮತ್ತು ಯೋನಸ್ ವಲಾನ್ಚೂನಸ್ ಇಬ್ಬರಲ್ಲಿ ಯಾರು ಆರಂಭಿಸಬೇಕು ಎಂಬುದನ್ನು ನರ್ಸ್ ಎದುರಾಳಿಯನ್ನು ನೋಡಿ ತೀರ್ಮಾನಿಸುತ್ತಿದ್ದರು. ಭಾರಿ ಮೈಕಟ್ಟಿನ ಸೆಂಟರ್ ಎದುರಿದ್ದರೆ ವಲಾನ್ಚೂನಸ್, ಓಡಾಡುವವನಿದ್ದರೆ ಇಬಾಕಾ. ಡಿಸೆಂಬರ್‌ನಲ್ಲಿ ವಲಾನ್ಚೂನಸ್ ಹೆಬ್ಬೆರಳಿನ ಕೀಲು ತಪ್ಪಿತು. ಅದೇ ಹೊತ್ತಿಗೆ ತಂಡದ ಇನ್ನೊಬ್ಬ ಮುಖ್ಯ ಆಟಗಾರ ಕೈಲ್ ಲೌರಿಗೆ ಬೆನ್ನು ಹಿಡಿಯಿತು. ಆ ಸೀಸನ್‌ನಲ್ಲಿ ಲೌರಿ ಆಡಿದ್ದು 65 ಪಂದ್ಯ. ಇಂಥ ಹೊತ್ತಿನಲ್ಲಿ ಸಾಮಾನ್ಯ ಕೋಚ್ ಏನು ಮಾಡುತ್ತಾನೆ? ಇದ್ದ ದೊಡ್ಡ ಆಟಗಾರನ ಮೇಲೆ ಹೊರೆ ಹೇರುತ್ತಾನೆ. ಟೊರಾಂಟೊ ಆಗಲೂ ಲೆನರ್ಡ್ ನಿಯಮವನ್ನು ಮುರಿಯಲಿಲ್ಲ. ಆ ಸೀಸನ್ನಿನ ಅತ್ಯಂತ ಕಠಿಣ ನಿರ್ಧಾರ ಇದು ಎಂದು ನನ್ನ ಎಣಿಕೆ, ಆಟಗಾರರ ವಿನಿಮಯಕ್ಕಿಂತಲೂ.

ಫೆಬ್ರವರಿ ಮೊದಲ ಭಾಗದಲ್ಲಿ ವಿನಿಮಯದ ಗಡುವು ಬರುತ್ತದೆ. ಅದಾದ ಮೇಲೆ ತಂಡಗಳ ನಡುವೆ ಕೊಡು-ಕೊಳ್ಳುವಿಕೆ ಇಲ್ಲ. ಗಡುವಿನ ದಿನ, 2019ರ ಫೆಬ್ರವರಿ 7ರಂದು, ಟೊರಾಂಟೊ ವಲಾನ್ಚೂನಸ್ ಸೇರಿ ಮೂವರನ್ನು ಮೆಂಫಿಸ್‌ಗೆ ಕೊಟ್ಟು ಮಾರ್ಕ್ ಗಸೋಲ್‌ನನ್ನು ತಂದಿತು. ಮೂವರು ಹೋಗಿ ಒಬ್ಬ ಬಂದರೆ ಗುಣ ಏರಿದರೂ ಎಣಿಕೆ ಇಳಿಯುತ್ತದೆ, ನಿಮಿಷ ಹೊರುವ ಕಾಲುಗಳು ಕಡಿಮೆಯಾಗುತ್ತವೆ. ಅದಕ್ಕೇ ಕೆಲವೇ ದಿನಗಳಲ್ಲಿ, ಅಟ್ಲಾಂಟಾ ಬಿಡುಗಡೆ ಮಾಡಿದ್ದ ಜೆರೆಮಿ ಲಿನ್‌ನನ್ನು ಸೇರಿಸಿಕೊಂಡರು. ವಿನಿಮಯವಾದ ಮರುದಿನ ಪತ್ರಿಕೆಗಳು ಯಾರು ಬಂದರು ಎಂದು ಬರೆಯುತ್ತವೆ. ಕೋಚ್ ಕೇಳಬೇಕಾದದ್ದು, ಹೋದವರ ನಿಮಿಷ ಈಗ ಯಾರದು ಎಂದು.

ಲೀಗ್ ಹಂತ ಮುಗಿದಾಗ 58 ಗೆಲುವು, 24 ಸೋಲು. ಮಿಲ್ವಾಕಿ 60-22ರಿಂದ ಮೊದಲ ಸ್ಥಾನ ಪಡೆಯಿತು, ಟೊರಾಂಟೊಗೆ ಎರಡನೆಯದು. ಅಂದರೆ ಮಿಲ್ವಾಕಿ ಎದುರಾದರೆ ನಿರ್ಣಾಯಕ ಏಳನೇ ಪಂದ್ಯ ಅವರ ಅಂಗಳದಲ್ಲಿ. ಆ ಬೆಲೆ ಗೊತ್ತಿದ್ದೇ ಕೊಟ್ಟರು.

ಪ್ಲೇಆಫ್ ಎಂದರೆ ಏಳರಲ್ಲಿ ನಾಲ್ಕು ಗೆಲ್ಲುವ ನಾಲ್ಕು ಸುತ್ತು. ಸತತ ಎರಡು ರಾತ್ರಿ ಆಟ ಇಲ್ಲಿಲ್ಲ, ಪಂದ್ಯಗಳ ನಡುವೆ ಸಾಮಾನ್ಯವಾಗಿ ಕನಿಷ್ಠ ಒಂದು ದಿನ ಬಿಡುವು. ಆದ್ದರಿಂದ ಲೆಕ್ಕ ತಲೆಕೆಳಗಾಗುತ್ತದೆ. ಉಳಿಸಿದ್ದನ್ನು ಖರ್ಚು ಮಾಡುವ ಕಾಲ ಇದು. ನರ್ಸ್ ತಮ್ಮ ಸರದಿಯನ್ನು ಎಂಟೇ ಜನಕ್ಕೆ ಇಳಿಸಿದರು: ಲೆನರ್ಡ್, ಲೌರಿ, ಸಿಯಾಕಮ್, ಗ್ರೀನ್, ಗಸೋಲ್, ಬೆಂಚಿನಿಂದ ಇಬಾಕಾ, ವ್ಯಾನ್‌ವ್ಲೀಟ್, ನಾರ್ಮನ್ ಪವೆಲ್. ಇನ್ನೊಬ್ಬ ಉಪಯುಕ್ತ ಆಟಗಾರ ಓಜಿ ಅನುನೊಬಿಗೆ ಏಪ್ರಿಲ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಪ್ಲೇಆಫ್ ಪೂರ್ತಿ ತಪ್ಪಿತು. ಲೆನರ್ಡ್ ನಿಮಿಷ 34ರಿಂದ 39ಕ್ಕೆ ಏರಿತು. 24 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ, ಸರಾಸರಿ 30.5 ಅಂಕ.

ಒರ್ಲ್ಯಾಂಡೊ ಮೇಲೆ 4-1. ಫಿಲಡೆಲ್ಫಿಯಾ ಮೇಲೆ ಏಳನೇ ಪಂದ್ಯದವರೆಗೆ ಹೋಗಿ 92-90. ಕೊನೆಯ ಗಳಿಗೆಯಲ್ಲಿ ಮೂಲೆಯಿಂದ ಲೆನರ್ಡ್ ಎಸೆದ ಚೆಂಡು ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಆ ಶಾಟ್ ವಿಡಿಯೊ ನೀವೆಲ್ಲ ನೋಡಿರುತ್ತೀರಿ. ನಾನು ತೋರಿಸಬೇಕೆಂದಿರುವುದು ಅದರ ಮುಂದಿನ ಸುತ್ತು. ಮಿಲ್ವಾಕಿ ಎದುರು ಮೊದಲ ಎರಡು ಪಂದ್ಯ ಸೋತಿದ್ದರು. ಮೂರನೆಯದು ಎರಡು ಹೆಚ್ಚುವರಿ ಅವಧಿಗೆ ಹೋಯಿತು, ಒಟ್ಟು 58 ನಿಮಿಷದ ಆಟ. ಅದರಲ್ಲಿ ಲೆನರ್ಡ್ 52 ನಿಮಿಷ ಅಂಗಳದಲ್ಲಿದ್ದರು, 36 ಅಂಕ ಗಳಿಸಿದರು. ಅಷ್ಟೇ ಅಲ್ಲ, ಆ ಪಂದ್ಯದಿಂದ ಮಿಲ್ವಾಕಿಯ ಯಾನಿಸ್ ಆಂಟೆಟೊಕುಂಪೊನನ್ನು ತಡೆಯುವ ಮುಖ್ಯ ಹೊಣೆಯೂ ಅವರದೇ ಆಯಿತು. ಟೊರಾಂಟೊ 118-112 ಗೆದ್ದಿತು, ಆಮೇಲೆ ಮತ್ತೆ ಮೂರು ಗೆದ್ದು ಸುತ್ತು ಮುಗಿಸಿತು. ನವೆಂಬರ್‌ನಲ್ಲಿ ಉಳಿಸದೆ ಮೇ ತಿಂಗಳಲ್ಲಿ 52 ನಿಮಿಷ ಎಲ್ಲಿಂದ ತರುತ್ತೀರಿ?

ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ಮೇಲೆ 4-2. ಇಲ್ಲಿ ಉಳಿದವರ ನಿಮಿಷಗಳೂ ಫಲ ಕೊಟ್ಟವು: ಮೊದಲ ಪಂದ್ಯದಲ್ಲಿ ಸಿಯಾಕಮ್ 32 ಅಂಕ, ನಾಲ್ಕನೆಯದರಲ್ಲಿ ಇಬಾಕಾ 20, ಜೂನ್ 13ರ ಕೊನೆಯ ಪಂದ್ಯದಲ್ಲಿ ವ್ಯಾನ್‌ವ್ಲೀಟ್ 22. ಎದುರಾಳಿಗಳ ದುರದೃಷ್ಟವನ್ನೂ ಮರೆಮಾಚಬಾರದು. ಐದನೇ ಪಂದ್ಯದಲ್ಲಿ ಕೆವಿನ್ ಡುರಾಂಟ್‌ಗೆ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಆರನೆಯದರಲ್ಲಿ ಕ್ಲೇ ಥಾಂಪ್ಸನ್‌ಗೆ ಮೊಣಕಾಲು.

ಹಾಗಾದರೆ ಗೆಲುವು ಬೆನ್ನಟ್ಟುವುದೇ ತಪ್ಪೇ? 2015-16ರ ಗೋಲ್ಡನ್ ಸ್ಟೇಟ್ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. ಮೊದಲ 24 ಪಂದ್ಯ ಸತತ ಗೆಲುವು, ಕೊನೆಗೆ 73-9. ಶಿಕಾಗೊ ಬುಲ್ಸ್‌ನ 1995-96ರ 72-10 ದಾಖಲೆ ಮುರಿಯಿತು. ಆಮೇಲೆ ಫೈನಲ್‌ನಲ್ಲಿ 3-1 ಮುಂದಿದ್ದು ಕ್ಲೀವ್‌ಲ್ಯಾಂಡ್‌ಗೆ ಸೋತರು. ದಾಖಲೆ ಬೆನ್ನಟ್ಟಿ ದಣಿದು ಸೋತರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ಟೆಫ್ ಕರಿ ಪ್ಲೇಆಫ್ ಮೊದಲ ಸುತ್ತಿನಲ್ಲಿ ಮೊಣಕಾಲು ಉಳುಕಿಸಿಕೊಂಡದ್ದು ನೆಲದ ಮೇಲಿನ ಒದ್ದೆ ಜಾಗದಲ್ಲಿ ಕಾಲು ಜಾರಿ. ಫೈನಲ್‌ನ ಐದನೇ ಪಂದ್ಯಕ್ಕೆ ಡ್ರೇಮಂಡ್ ಗ್ರೀನ್‌ಗೆ ನಿಷೇಧ ಬಿತ್ತು. ಒದ್ದೆ ನೆಲವನ್ನು, ಸಿಟ್ಟನ್ನು ನಿಮಿಷದ ಪಟ್ಟಿ ತಡೆಯುವುದಿಲ್ಲ. ಪಟ್ಟಿಯಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಟೊರಾಂಟೊ ಗೆದ್ದ ಮೇಲೆ ಎಲ್ಲರೂ ಅದನ್ನೇ ಮಾಡಹೊರಟು ಲೀಗಿಗೆ ಹೊಸ ತಲೆನೋವು ಬಂತು. ದುಬಾರಿ ಟಿಕೆಟ್ ಕೊಂಡು ಬಂದವರಿಗೆ ಕಾಣುವುದು ಕೋಟು ಹಾಕಿದ ತಾರೆ! 2023-24ರಿಂದ ಲೀಗ್ ನಿಯಮ ಬಿಗಿ ಮಾಡಿದೆ: ಒಂದೇ ಪಂದ್ಯದಲ್ಲಿ ಇಬ್ಬರು ತಾರೆಗಳನ್ನು ಸುಮ್ಮನೆ ಕೂರಿಸುವಂತಿಲ್ಲ, ಮತ್ತು ಪ್ರಮುಖ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕು. ಈ ನಿಯಮದಲ್ಲಿ 60 ಪಂದ್ಯದ ಲೆನರ್ಡ್‌ಗೆ ಆ ವರ್ಷದ ಪ್ರಶಸ್ತಿಗಳ ಅರ್ಹತೆಯೇ ಇರುತ್ತಿರಲಿಲ್ಲ.

ಇನ್ನು ಅಳತೆಯ ವಿಷಯ. ಗೆಲುವು-ಸೋಲಿನ ಎಣಿಕೆಯಿಂದ ತಂಡದ ಆರೋಗ್ಯ ತಡವಾಗಿ ಗೊತ್ತಾಗುತ್ತದೆ. ಬೇಗ ಹೇಳುವುದು ಅಂಕಗಳ ಅಂತರ. ಎನ್‌ಬಿಎಯಲ್ಲಿ ಒಂದು ಸುಲಭ ಸೂತ್ರವಿದೆ: ಪಂದ್ಯಕ್ಕೆ ಸರಾಸರಿ ಎಷ್ಟು ಅಂಕದಿಂದ ಮುಂದಿದ್ದೀರೋ ಅದನ್ನು ಎರಡೂವರೆಯಿಂದ 2.7ರಲ್ಲಿ ಗುಣಿಸಿ 41ಕ್ಕೆ ಕೂಡಿಸಿ. 82ರಲ್ಲಿ ಗೆಲ್ಲಬೇಕಾದ ಸಂಖ್ಯೆ ಹತ್ತಿರ ಹತ್ತಿರ ಸಿಗುತ್ತದೆ. ಆರು ಅಂಕದ ಅಂತರವಿದ್ದರೆ 56-57. ಎರಡು ಮೂರು ಅಂಕದಲ್ಲಿ ಮುಗಿದ ಪಂದ್ಯ ಬಹುತೇಕ ನಾಣ್ಯ ಚಿಮ್ಮಿದಂತೆ. ಅಂಥ ಐದು ಗೆದ್ದ ತಂಡ ಬೀಗುವುದು, ಐದು ಸೋತ ತಂಡ ಕೋಚ್‌ನನ್ನು ಬದಲಿಸುವುದು, ಎರಡೂ ಅವಸರ.

ಎರಡನೆಯ ಅಳತೆ ಪೊಸೆಷನ್. ಚೆಂಡು ನಿಮ್ಮ ಕೈಗೆ ಬಂದು ಎದುರಾಳಿಗೆ ಹೋಗುವವರೆಗೆ ಒಂದು. ಇದನ್ನು ಸ್ಕೋರ್ ಶೀಟಿನಿಂದಲೇ ತೆಗೆಯಬಹುದು: ಒಟ್ಟು ಶಾಟ್ ಪ್ರಯತ್ನ, ಅದಕ್ಕೆ ಫ್ರೀ ಥ್ರೋ ಪ್ರಯತ್ನದ 0.44 ಪಟ್ಟು ಕೂಡಿಸಿ, ಟರ್ನ್‌ಓವರ್ (ಶಾಟ್ ಹಾಕುವ ಮೊದಲೇ ಕಳೆದ ಚೆಂಡು) ಕೂಡಿಸಿ, ನಿಮ್ಮದೇ ತಪ್ಪಿದ ಶಾಟ್‌ನಿಂದ ಹಿಡಿದ ರಿಬೌಂಡ್‌ಗಳನ್ನು ಕಳೆಯಿರಿ. ಫ್ರೀ ಥ್ರೋಗೆ ಅರ್ಧ ಅಲ್ಲ, 0.44 ಏಕೆ? ಬಾಸ್ಕೆಟ್ ಆದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ, ಮೂರು ಅಂಕದ ಶಾಟ್ ಮೇಲಿನ ಫೌಲ್‌ಗೆ ಸಿಗುವ ಮೂರು, ಇವೆಲ್ಲ ಎರಡಕ್ಕೊಂದು ಎಂಬ ಲೆಕ್ಕವನ್ನು ಕೆಡಿಸುತ್ತವೆ.

ನಮ್ಮ ಕಾಲೇಜು ಮಟ್ಟದ 40 ನಿಮಿಷದ ಪಂದ್ಯವನ್ನು ಊಹಿಸಿ. 62 ಶಾಟ್, 18 ಫ್ರೀ ಥ್ರೋ, 22 ಟರ್ನ್‌ಓವರ್, 12 ಆಕ್ರಮಣದ ರಿಬೌಂಡ್, ಗಳಿಕೆ 58 ಅಂಕ. 62 ಮತ್ತು 7.9 ಮತ್ತು 22, ಅದರಲ್ಲಿ 12 ಕಳೆದರೆ ಸುಮಾರು 80 ಪೊಸೆಷನ್. ಅದರಲ್ಲಿ 22ರಲ್ಲಿ ಶಾಟ್ ಹಾಕುವ ಮೊದಲೇ ಚೆಂಡು ಕಳೆದಿದ್ದೀರಿ, ನೂರಕ್ಕೆ 27ಕ್ಕಿಂತ ಹೆಚ್ಚು. ವೃತ್ತಿಪರ ತಂಡಗಳಲ್ಲಿ ಇದು 13-14ರ ಆಸುಪಾಸು. ಶಾಟ್‌ವರೆಗೆ ಹೋದ ಉಳಿದ 58 ಪೊಸೆಷನ್‌ನಲ್ಲಿ ನಿಮಗೆ ಸಿಕ್ಕಿದ್ದು ಸರಾಸರಿ ಒಂದು ಅಂಕ. ಟರ್ನ್‌ಓವರ್ 22ರಿಂದ 16ಕ್ಕೆ ಇಳಿದರೆ, ಶಾಟಿಂಗ್ ಒಂದಿಷ್ಟೂ ಸುಧಾರಿಸದೆ ಸುಮಾರು ಆರು ಅಂಕ ಹೆಚ್ಚು. ನಮ್ಮಲ್ಲಿ ಪಂದ್ಯ ಸೋತ ಮರುದಿನ ಎಲ್ಲರೂ ಶಾಟಿಂಗ್ ಪ್ರಾಕ್ಟೀಸ್‌ಗೆ ಹೋಗುತ್ತಾರೆ. ಹಲವು ಸಲ ಹೋಗಬೇಕಾದದ್ದು ಪಾಸಿಂಗ್‌ಗೆ, ಅದರಲ್ಲೂ ನಾಲ್ಕನೇ ಕ್ವಾರ್ಟರ್‌ನಂತೆ ದಣಿದ ಸ್ಥಿತಿಯಲ್ಲಿ ಮಾಡುವ ಪಾಸಿಂಗ್‌ಗೆ.

ನಮ್ಮ ಸೀಸನ್ ಬೇರೆ ಥರದ್ದು ಎಂದು ನೀವು ಹೇಳುತ್ತೀರಿ, ನಿಜ. ವಿಟಿಯು ಇರಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿರಲಿ, ಅಂತರಕಾಲೇಜು ಪಂದ್ಯಾವಳಿ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಫೈನಲ್ ತಲುಪುವ ತಂಡ ನಾಲ್ಕೈದು ಪಂದ್ಯ ಆಡಿರುತ್ತದೆ, ಕೆಲವೊಮ್ಮೆ ಬೆಳಿಗ್ಗೆ ಒಂದು, ಸಂಜೆ ಒಂದು. ಅಂದರೆ ಎನ್‌ಬಿಎಯವರು ಹೆದರುವ ಸತತ ಎರಡು ರಾತ್ರಿಗಿಂತ ಬಿಗಿಯಾದ ವೇಳಾಪಟ್ಟಿ ನಮ್ಮದು; ಅದೂ ಎಷ್ಟೋ ಕಡೆ ಸಿಮೆಂಟ್ ಅಂಗಳದ ಮೇಲೆ, ರಾತ್ರಿ ಬಸ್ಸಿನಲ್ಲಿ ವಿಜಯಪುರದಿಂದ ಬೆಳಗಾವಿಗೆ ಬಂದು. ಪಂದ್ಯಕ್ಕೆ 200 ಆಟಗಾರ-ನಿಮಿಷ, ಐದು ಪಂದ್ಯಕ್ಕೆ 1,000. ನಮ್ಮಲ್ಲಿ ಸಾಮಾನ್ಯವಾಗಿ ಐವರು 36 ನಿಮಿಷ, ಇಬ್ಬರು ಹತ್ತತ್ತು ನಿಮಿಷ. ಉಳಿದ ಐವರು ಚಪ್ಪಾಳೆಗೆ. ಫೈನಲ್ ಶುರುವಾಗುವ ಹೊತ್ತಿಗೆ ಆ ಐವರ ಕಾಲಿನಲ್ಲಿ ತಲಾ 144 ನಿಮಿಷ ಬಿದ್ದಿರುತ್ತದೆ. ಮೂರನೇ ಕ್ವಾರ್ಟರ್‌ನಲ್ಲಿ ಮೀನಖಂಡ ಹಿಡಿದು ಕೂತರೆ ಆಶ್ಚರ್ಯವೇನು?

ಬದಲಿಗೆ ಹೀಗೆ ಹಂಚಿ ನೋಡಿ: ಮೂವರಿಗೆ 30, ನಾಲ್ವರಿಗೆ 20, ಮೂವರಿಗೆ 10. ಕೂಡಿಸಿದರೆ 200. ಹತ್ತು ನಿಮಿಷದವರನ್ನು ಒಟ್ಟಿಗೆ ಇಳಿಸಬೇಡಿ, ಅಲ್ಲೇ ಬಹಳ ತಂಡಗಳು ಮುಗ್ಗರಿಸುವುದು. ಮೂವರು ಮುಖ್ಯ ಆಟಗಾರರಲ್ಲಿ ಯಾವಾಗಲೂ ಕನಿಷ್ಠ ಒಬ್ಬ ಅಂಗಳದಲ್ಲಿರಲಿ. ಮೊದಲ ಕ್ವಾರ್ಟರ್‌ನ ಆರನೇ ನಿಮಿಷಕ್ಕೆ ಒಬ್ಬನನ್ನು ಕರೆದುಕೊಂಡು ಎರಡನೆಯದರ ಆರಂಭಕ್ಕೆ ಮತ್ತೆ ಇಳಿಸಿ, ಆಗ ಇನ್ನೊಬ್ಬ ಹೊರಗೆ. ನಡುವಿನ ಕ್ವಾರ್ಟರ್ ಬಿಡುವನ್ನೂ ಸೇರಿಸಿದರೆ ಕಡಿಮೆ ಆಟ ತಪ್ಪಿಸಿಕೊಂಡು ಹೆಚ್ಚು ವಿಶ್ರಾಂತಿ ಸಿಗುತ್ತದೆ.

ಇದಕ್ಕೆ ಸಾಫ್ಟ್‌ವೇರ್ ಬೇಡ. ಬೆಂಚಿನಲ್ಲಿ ಒಬ್ಬ ವಿದ್ಯಾರ್ಥಿ, ಗೆರೆ ಹೊಡೆದ ಒಂದು ಹಾಳೆ. ಆಟಗಾರ ಒಳಗೆ ಹೋದಾಗ ಗಡಿಯಾರದ ಸಮಯ ಮತ್ತು ಸ್ಕೋರ್, ಹೊರಬಂದಾಗ ಮತ್ತೆ ಎರಡೂ. ಹೋದಾಗ 22-19, ಬಂದಾಗ 30-33 ಎಂದಿದ್ದರೆ ಆತ ಇದ್ದಾಗ ತಂಡ ಆರು ಅಂಕ ಕಳೆದುಕೊಂಡಿದೆ. ಒಂದೇ ಪಂದ್ಯದ ಈ ಸಂಖ್ಯೆ ತೋರಿಸಿ ಹುಡುಗನನ್ನು ಬಯ್ಯಬೇಡಿ, ಜೊತೆಗಿದ್ದ ನಾಲ್ವರ ಪಾಲೂ ಅದರಲ್ಲಿದೆ. ಎಂಟು ಹತ್ತು ಪಂದ್ಯ ಸೇರಿದ ಮೇಲೆ ಅದಕ್ಕೆ ಅರ್ಥ ಬರತೊಡಗುತ್ತದೆ. ನಿಮಿಷದ ಕಾಲಂ ಮಾತ್ರ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ.

ಸಭಿಕರ ಪ್ರಶ್ನೆಗಳು

"ಸರ್, ನಮ್ಮ ಕಡೆ ಆಡೋ ಹುಡುಗ್ರ ಇರೂದ ಎಂಟ್ ಮಂದಿ. ಹತ್ತ್ ಮಂದಿನ ಎಲ್ಲಿಂದ ತರೂಣ್ರಿ?"

ಎಂಟರಲ್ಲೇ ಮಾಡಬಹುದು: ಮೂವರಿಗೆ 30, ಐವರಿಗೆ 22, ಆಗಲೂ 200. ಜೊತೆಗೆ ಆಟದ ವೇಗವನ್ನೂ ಇಳಿಸಬೇಕಾಗುತ್ತದೆ. ಪೂರ್ತಿ ಅಂಗಳದಲ್ಲಿ ಒತ್ತುವ ಪ್ರೆಸ್ ಬಿಟ್ಟು ಅರ್ಧ ಅಂಗಳದಲ್ಲಿ ಆಟಗಾರನ ಬದಲು ಜಾಗ ಕಾಯುವ ಝೋನ್‌ಗೆ ಬನ್ನಿ, ಆಕ್ರಮಣದಲ್ಲಿ ಶಾಟ್‌ಗೆ ಸಿಗುವ 24 ಸೆಕೆಂಡಿನಲ್ಲಿ 15-16 ಬಳಸಿ. ಪ್ರೆಸ್ ಇಷ್ಟವಿದ್ದರೆ ಫೈನಲ್‌ಗೆ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ 25 ಅಂಕ ಮುಂದಿದ್ದಾಗಲೂ ಪ್ರೆಸ್ ಮಾಡುವುದು ಅಂಕಕ್ಕಲ್ಲ, ಗ್ಯಾಲರಿಗೆ.

"ಫೌಲ್ ಟ್ರಬಲ್ ಆದ್ರ ಈ ಪಟ್ಟಿ ಎಲ್ಲಾ ಕೆಡತೈತಲ್ರಿ?"

ಕೆಡುತ್ತದೆ. ನಮ್ಮಲ್ಲಿ ಐದು ಫೌಲ್‌ಗೆ ಹೊರಗೆ, ಎನ್‌ಬಿಎಯಲ್ಲಿ ಆರಕ್ಕೆ. ಮೊದಲ ಕ್ವಾರ್ಟರ್‌ನಲ್ಲಿ ಎರಡು ಬಿದ್ದರೆ ಕೂರಿಸಿ. ಆದರೆ ಮೂರು ಫೌಲ್ ಆದವನನ್ನು ನಾಲ್ಕನೇ ಕ್ವಾರ್ಟರ್ ಮಧ್ಯದವರೆಗೂ ಕಾಪಿಡುವ ಕೋಚ್, ರೆಫರಿ ಕೊಡಬಹುದಾದ ಶಿಕ್ಷೆಯನ್ನು ತಾನೇ ಕೊಟ್ಟಂತೆ. ಪಂದ್ಯ ಮುಗಿದಾಗ ಆತ ಮೂರೇ ಫೌಲ್, 18 ನಿಮಿಷ ಎಂದಿದ್ದರೆ ಆ ಉಳಿದ ನಿಮಿಷ ವ್ಯರ್ಥ. ಬೇಕಿದ್ದರೆ ಎದುರಾಳಿಯ ದುರ್ಬಲ ಆಕ್ರಮಣಕಾರನ ಮೇಲೆ ಅವನನ್ನು ಹಾಕಿ ಆಡಿಸಿ.

"ಬ್ಯಾಸಿಗಿ ಕ್ಯಾಂಪ್ ಎಷ್ಟೊತ್ತಿಗೆ ಇಡಬೇಕ್ರಿ?"

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇನಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದೂವರೆ ನಂತರ. 15-20 ನಿಮಿಷಕ್ಕೊಮ್ಮೆ 150ರಿಂದ 200 ಮಿಲಿ ನೀರು, ಬಾಯಾರಿಕೆ ಆಗಲಿ ಬಿಡಲಿ. ಸಿಮೆಂಟ್ ಅಂಗಳದಲ್ಲಿ ಜಿಗಿಯುವ ಕಸರತ್ತು ದಿನ ಬಿಟ್ಟು ದಿನ ಮಾತ್ರ. ದಿನಾ ಮಾಡಿಸಿದರೆ ಮೂರನೇ ವಾರಕ್ಕೆ ಮುಂಗಾಲಿನ ಮೂಳೆ ನೋವು ಶುರು.

"ಲೆನರ್ಡ್‌ನ ಒಂದ ವರ್ಷಕ್ಕಂತ ತಂದ್ರಲ್ರಿ, ಆಮ್ಯಾಲೆ ಟೊರಾಂಟೊ ಲುಕ್ಸಾನ ಆಗ್ಲಿಲ್ಲೇನು?"

2019ರ ಜುಲೈನಲ್ಲಿ ಲೆನರ್ಡ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೋದರು, ಗ್ರೀನ್ ಲೇಕರ್ಸ್‌ಗೆ. ಟೊರಾಂಟೊಗೆ ಬದಲಿಗೆ ಏನೂ ಸಿಗಲಿಲ್ಲ. ಮುಂದಿನ ಸೀಸನ್ ಕೊರೊನಾದಿಂದ ಮೊಟಕಾಯಿತು. ಟೊರಾಂಟೊ ಆಡಿದ 72ರಲ್ಲಿ 53 ಗೆದ್ದು 19 ಸೋತಿತು. ಲೆನರ್ಡ್ ಇದ್ದ ವರ್ಷಕ್ಕಿಂತ ಶೇಕಡಾವಾರು ಹೆಚ್ಚು! ಸಿಯಾಕಮ್, ವ್ಯಾನ್‌ವ್ಲೀಟ್, ಅನುನೊಬಿ ಆ ಹೊತ್ತಿಗೆ ದೊಡ್ಡ ನಿಮಿಷಗಳಿಗೆ ಒಗ್ಗಿದ್ದರು. ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಬಾಸ್ಟನ್ ಎದುರು ಏಳನೇ ಪಂದ್ಯದಲ್ಲಿ ಸೋತರು.